ಸೀಟಿನ ಜೊತೆಗೇ ಹಣ



ಕೈಯಲ್ಲಿ ಕಾಸಿಲ್ಲದ ಮನೆಯ ಮಕ್ಕಳು ಕಾಲೇಜಿಗೆ ಅರ್ಜಿ ಹಾಕುವುದು ಹೇಗೆ ಅನ್ನುವುದರ ಬಗ್ಗೆ ಈ ಹೊತ್ತು ಮಾತಾಡುತ್ತೇನೆ. ಅದರಲ್ಲೂ ನನ್ನ ಮನಸ್ಸಿನಲ್ಲಿರುವುದು ಹಾಸನ ಜಿಲ್ಲೆಯ ಸಕಲೇಶಪುರ, ಆಲೂರು ಕಡೆಯ ಮಕ್ಕಳು. ಇನ್ನೂ ಒಳಗೆ ಹೋಗಿ ಹೇಳಬೇಕೆಂದರೆ ಎಡಕುಮೇರಿ ಸುತ್ತಿನ ಮಕ್ಕಳು.

ಎಡಕುಮೇರಿ ಎಂಬ ಹೆಸರು ನಿಮ್ಮಲ್ಲಿ ಬಹಳ ಜನಕ್ಕೆ ರೈಲಿನ ಕಿಟಕಿಯಿಂದ ಪರಿಚಯ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡಿಗೆ ಇಳಿಯುವ ಘಾಟಿಯಲ್ಲಿ 57 ಸುರಂಗ, ನೂರಕ್ಕೂ ಮಿಕ್ಕಿ ಸೇತುವೆ. ದೋಣಿಗಾಲ್, ಕಡಗರವಳ್ಳಿ ದಾಟಿದ ಮೇಲೆ ಕಾಡಿನ ನಡುವೆ ಬರುವ ಚಿಕ್ಕ ನಿಲ್ದಾಣ ಅದು. ಅಲ್ಲಿಗೆ ಬಸ್ಸು ಹೋಗುವ ರಸ್ತೆಯಿಲ್ಲ. ನೋಡುವವರ ಕಣ್ಣಿಗೆ ಅದು ಹಸಿರು, ಜಲಪಾತ, ಮಂಜು. ಆದರೆ ಅಲ್ಲಿಂದ ಮೇಲೆ, ಶಿರಾಡಿ ಘಾಟಿಯ ತಲೆಯಲ್ಲಿರುವ ತೋಟಗಳ ಕೂಲಿಕಾರರ ಲೈನ್ ಮನೆಗಳಲ್ಲಿ, ಕಾಡಂಚಿನ ತುಂಡು ಜಮೀನಿನ ಮನೆಗಳಲ್ಲಿ ಎಸ್‌ಎಸ್‌ಎಲ್‌ಸಿ, ಪಿಯುಸಿ ಓದುತ್ತಿರುವ ಮಕ್ಕಳಿದ್ದಾರೆ. 2024ರ ಜುಲೈ 26ರಂದು ಎಡಕುಮೇರಿ, ಕಡಗರವಳ್ಳಿ ನಡುವೆ ಹಳಿಯ ಬುಡದ ಮಣ್ಣು ಜರಿದು ದಿನಗಟ್ಟಲೆ ರೈಲು ನಿಂತಿತ್ತು. ಹಾಗೆ ಮಳೆ ಬಿಡದೆ ಹೊಯ್ಯುವ, ಕರೆಂಟು ಹೋದರೆ ಯಾವಾಗ ಬರುತ್ತದೆಂದು ಹೇಳಲಾಗದ, ಫೋನಿಗೆ ಸಿಗ್ನಲ್ ಬೇಕಾದರೆ ದಿಬ್ಬ ಹತ್ತಬೇಕಾದ ತಿಂಗಳುಗಳಲ್ಲೇ ನಮ್ಮ ರಾಜ್ಯದಲ್ಲಿ ಕಾಲೇಜು ಸೇರುವ ಕೆಲಸವೆಲ್ಲ ನಡೆಯುವುದು. ಸೀಟು ಹಂಚುವವರು ಬೆಂಗಳೂರಿನ ಬಿಸಿಲು ನೋಡಿ ದಿನಾಂಕ ಇಡುತ್ತಾರೆ. ಮಲೆನಾಡಿನ ಮಕ್ಕಳು ಆ ದಿನಾಂಕಕ್ಕೆ ಮಳೆಯಲ್ಲಿ ನೆನೆದುಕೊಂಡು ಓಡಬೇಕು.

ನಾನು ಪಿಯು ಕಾಲೇಜಿನಲ್ಲಿ ಪಾಠ ಹೇಳುವವಳು. ಕೆಲವು ವರ್ಷದ ಹಿಂದೆ ಒಬ್ಬ ತಾಯಿ ಮಗಳನ್ನು ಕರೆದುಕೊಂಡು ಸ್ಟಾಫ್ ರೂಮಿಗೆ ಬಂದರು. ಕಾಫಿ ತೋಟದಲ್ಲಿ ಹಣ್ಣು ಬಿಡಿಸುವವರು. ಮಗಳಿಗೆ ಒಳ್ಳೆಯ ಅಂಕ ಬಂದಿತ್ತು, ಹಾಸನದಲ್ಲಿ ಸೀಟೂ ಸಿಕ್ಕಿತ್ತು. ಕಾಲೇಜಿನವರು ಹೇಳಿದ್ದು ಇಷ್ಟೇ: ಈಗ ಫೀಸು ಕಟ್ಟಿ ಸೇರಿಕೊಳ್ಳಿ, ಸ್ಕಾಲರ್‌ಶಿಪ್ ಆಮೇಲೆ ನಿಮ್ಮ ಖಾತೆಗೇ ಬರುತ್ತದೆ. ಆ ತಾಯಿ ನನ್ನನ್ನು ಕೇಳಿದರು: "ಅಲ್ಲ ಮೇಡಂ, ಈಗ ಕಟ್ಟಕ್ಕೆ ದುಡ್ಡಿದ್ದಿದ್ರೆ ಆಮೇಲೆ ಬರೋದು ನಮಗ್ಯಾಕೆ ಬೇಕಿತ್ತು?"

ಈ ಪ್ರಶ್ನೆಗೆ ಇಲಾಖೆಯ ಸುತ್ತೋಲೆಗಳಲ್ಲಿ ಉತ್ತರವಿಲ್ಲ. ನಮ್ಮಲ್ಲಿ ವಿದ್ಯಾರ್ಥಿವೇತನಗಳಿಗೆ ಬರವಿಲ್ಲ. ರಾಜ್ಯ ಸರ್ಕಾರದ್ದಿದೆ, ಕೇಂದ್ರದ್ದಿದೆ, ಟ್ರಸ್ಟುಗಳದ್ದಿದೆ. ಆದರೆ ಸೀಟು ಒಂದು ಬಾಗಿಲಲ್ಲಿ ಸಿಗುತ್ತದೆ, ಹಣ ಇನ್ನೊಂದು ಬಾಗಿಲಲ್ಲಿ, ಅದೂ ತಿಂಗಳುಗಳು ಕಳೆದ ಮೇಲೆ. ಮೊದಲ ಕಂತು ಕಟ್ಟಲಾರದೆ ಮಗು ಸೀಟು ಬಿಟ್ಟಾದ ಮೇಲೆ ಬರುವ ಹಣ, ಗದ್ದೆ ಒಣಗಿದ ಮೇಲೆ ಕಾಲುವೆಗೆ ಬಿಟ್ಟ ನೀರು. ಹಾಗಾಗಿ ಬಡಮಕ್ಕಳು ಅರ್ಜಿ ಹಾಕುವಾಗ ಸೀಟು ಮತ್ತು ಹಣ ಎರಡೂ ಒಟ್ಟಿಗೆ ತೀರ್ಮಾನವಾಗುವ ದಾರಿಗಳನ್ನು ಮೊದಲು ಹುಡುಕಬೇಕು, ಉಳಿದವನ್ನು ಆಮೇಲೆ. ಈ ಹೊತ್ತು ನಾನು ಹೇಳಬೇಕೆಂದು ಬಂದಿರುವುದು ಈ ಒಂದು ಮಾತನ್ನೇ.

ಎರಡನ್ನೂ ಒಟ್ಟಿಗೆ ತೀರ್ಮಾನಿಸುವ ಪದ್ಧತಿ ಲೋಕದಲ್ಲಿ ಇಲ್ಲದ್ದೇನಲ್ಲ. ಅಮೆರಿಕದಲ್ಲಿ ಕ್ವೆಸ್ಟ್‌ಬ್ರಿಡ್ಜ್ ಎಂಬ ಸಂಸ್ಥೆ ಎರಡು ದಶಕಗಳಿಂದ ಇದನ್ನು ನಡೆಸುತ್ತಿದೆ. ಕಡಿಮೆ ಆದಾಯದ ಮನೆಯ, ಚೆನ್ನಾಗಿ ಓದುವ ಮಕ್ಕಳು ಹೈಸ್ಕೂಲಿನ ಕೊನೆಯ ವರ್ಷದಲ್ಲಿ ಸೆಪ್ಟೆಂಬರ್ ಮುಗಿಯುವುದರೊಳಗೆ ಒಂದೇ ಅರ್ಜಿ ಹಾಕುತ್ತಾರೆ. ಅಂಕಪಟ್ಟಿಯ ಜೊತೆಗೆ ಮನೆಯ ಆದಾಯದ ಲೆಕ್ಕ, ಶಿಕ್ಷಕರ ಪತ್ರ, ತಮ್ಮ ಬದುಕಿನ ಬಗ್ಗೆ ತಾವೇ ಬರೆದ ಬರಹ. ತಮಗೆ ಬೇಕಾದ ಕಾಲೇಜುಗಳನ್ನು ಇಷ್ಟದ ಕ್ರಮದಲ್ಲಿ ಬರೆದುಕೊಡುತ್ತಾರೆ. ಸ್ಟ್ಯಾನ್‌ಫರ್ಡ್, ಯೇಲ್, ಎಂಐಟಿಯಂಥವೂ ಆ ಪಟ್ಟಿಯಲ್ಲಿವೆ. ಡಿಸೆಂಬರ್ ಮೊದಲಲ್ಲಿ ಫಲಿತಾಂಶ. ಕಾಲೇಜಿನ ಜೊತೆ ಹೊಂದಾಣಿಕೆಯಾದ ಮಗುವಿಗೆ ಸೀಟಿನ ಜೊತೆಗೇ ನಾಲ್ಕು ವರ್ಷದ ಬೋಧನಾ ಶುಲ್ಕ, ಊಟ, ವಸತಿ ಎಲ್ಲವೂ ಖಾತ್ರಿ. ಅದು ಅಮೆರಿಕದಲ್ಲಿ ಓದುತ್ತಿರುವ ಅಥವಾ ಆ ದೇಶದ ಪ್ರಜೆಗಳಾದ ಮಕ್ಕಳಿಗೆ ಇರುವ ವ್ಯವಸ್ಥೆ. ಹಾಸನದಲ್ಲಿ ಕೂತು ಅದಕ್ಕೆ ಸೇರಿಸುತ್ತೇವೆಂದು ಯಾರಾದರೂ ದುಡ್ಡು ಕೇಳಿದರೆ ಕೊಡಬೇಡಿ. ನಾನು ಅದನ್ನು ಹೇಳಿದ್ದು ಅದರ ಕ್ರಮಕ್ಕಾಗಿ. ಮಗುವಿನ ಬಡತನವನ್ನು ಅಲ್ಲಿ ಮೊದಲೇ ಕೇಳಿ ತಿಳಿದುಕೊಳ್ಳುತ್ತಾರೆ. ಸೇರಿದ ಮೇಲೆ ಅದು ಅಡ್ಡ ಬರುವುದಿಲ್ಲ.

ಓದು ಮತ್ತು ಅನ್ನ ಒಟ್ಟಿಗೆ ಸಿಗಬೇಕೆಂಬುದು ನಮ್ಮ ಹಿರಿಯರಿಗೂ ತಿಳಿದಿತ್ತು. ವಾರಾನ್ನ ಮಾಡಿಕೊಂಡು ಓದಿದವರ ಕಥೆ ನಮ್ಮ ಜಿಲ್ಲೆಯಲ್ಲಿ ಮನೆಮನೆಗೂ ಗೊತ್ತು. ಚನ್ನರಾಯಪಟ್ಟಣ ತಾಲ್ಲೂಕಿನ ಸಂತೇಶಿವರದ ಎಸ್.ಎಲ್. ಭೈರಪ್ಪನವರು ಹಾಗೆ ಓದಿದ್ದನ್ನು 'ಭಿತ್ತಿ'ಯಲ್ಲಿ ಬರೆದಿದ್ದಾರೆ. ವಾರಾನ್ನದಲ್ಲಿ ಜಾತಿಯ ಗೋಡೆಯೂ ಇತ್ತು, ಅದು ಎಲ್ಲ ಮಕ್ಕಳಿಗೂ ಸಿಗುವಂಥದ್ದಾಗಿರಲಿಲ್ಲ. ಆ ಗೋಡೆಯನ್ನು ಒಡೆದದ್ದು ಹಾಸ್ಟೆಲ್ಲುಗಳು. ಕವಿ ಸಿದ್ಧಲಿಂಗಯ್ಯನವರು 'ಊರುಕೇರಿ'ಯಲ್ಲಿ ಬರೆದ ಬೆಂಗಳೂರಿನ ಗೋಪಾಲಸ್ವಾಮಿ ಅಯ್ಯರ್ ಹಾಸ್ಟೆಲ್ಲು ಎಷ್ಟು ದಲಿತ ಮಕ್ಕಳನ್ನು ಕಾಲೇಜಿಗೆ ಮುಟ್ಟಿಸಿತು! ಸಿದ್ಧಗಂಗೆಯ ದಾಸೋಹ, ಸಮುದಾಯಗಳು ಕಟ್ಟಿದ ವಿದ್ಯಾರ್ಥಿನಿಲಯಗಳು, ದೇವರಾಜ ಅರಸರ ಕಾಲದಲ್ಲಿ ಹೆಚ್ಚಿದ ಹಿಂದುಳಿದ ವರ್ಗದ ಹಾಸ್ಟೆಲ್ಲುಗಳು, ಇವೆಲ್ಲ ಮಾಡಿದ್ದು ಒಂದೇ ಕೆಲಸ. ಶಾಲೆಗೆ ಸೇರಿದ ದಿನವೇ ರಾತ್ರಿಯ ಊಟ ಎಲ್ಲಿ ಅನ್ನುವುದು ಮಗುವಿಗೆ ಗೊತ್ತಿರುವ ಹಾಗೆ ಮಾಡಿದವು. ಆಮೇಲೆ ಖಾತೆಗೆ ಬರುತ್ತದೆ ಎನ್ನಲಿಲ್ಲ.

ಇವತ್ತಿನ ಮಾತಿಗೆ ಬರೋಣ. ಪಿಯುಸಿ ವಿಜ್ಞಾನ ಓದಿದ ಮಕ್ಕಳಿಗೆ ಅಮೆರಿಕದ ಆ ಹೊಂದಾಣಿಕೆಗೆ ಹತ್ತಿರವಾದದ್ದು ನಮ್ಮಲ್ಲೇ ಇದೆ. ಅದು ಸಿಇಟಿಯ ಆಪ್ಷನ್ ಎಂಟ್ರಿ. ಕರ್ನಾಟಕ ಪರೀಕ್ಷಾ ಪ್ರಾಧಿಕಾರ, ನಾವು ಕೆಇಎ ಎನ್ನುತ್ತೇವಲ್ಲ, ಅಲ್ಲಿ ಮಗು ತನಗೆ ಬೇಕಾದ ಕಾಲೇಜು, ಕೋರ್ಸುಗಳನ್ನು ಕ್ರಮವಾಗಿ ಬರೆಯುತ್ತದೆ. ರ‍್ಯಾಂಕಿಗೆ ತಕ್ಕಂತೆ, ಪಟ್ಟಿಯಲ್ಲಿ ಮೇಲಿನಿಂದ ಯಾವುದು ಮೊದಲು ಸಿಗುತ್ತದೋ ಅದು ಅವರ ಸೀಟು. ಈ ಪದ್ಧತಿಯೊಳಗೇ ಒಂದು ಸೌಲಭ್ಯವಿದೆ, ನಮ್ಮ ಹಳ್ಳಿಯ ಬಹಳ ತಂದೆತಾಯಿಗಳಿಗೆ ಅದರ ಹೆಸರೇ ಗೊತ್ತಿಲ್ಲ. ಸೂಪರ್ ನ್ಯೂಮರರಿ ಕೋಟಾ, ಚುಟುಕಾಗಿ ಎಸ್‌ಎನ್‌ಕ್ಯು. ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಪ್ರತಿ ಕೋರ್ಸಿನ ಮಂಜೂರಾದ ಸೀಟುಗಳ ಮೇಲೆ ಶೇಕಡಾ 5ರಷ್ಟು ಹೆಚ್ಚುವರಿ ಸೀಟು. ಕುಟುಂಬದ ವಾರ್ಷಿಕ ಆದಾಯ 8 ಲಕ್ಷ ರೂಪಾಯಿಗಿಂತ ಕಡಿಮೆಯಿರುವ, ಮೆರಿಟ್ ಇರುವ ಮಕ್ಕಳಿಗೆ. ಆ ಸೀಟಿನಲ್ಲಿ ಬೋಧನಾ ಶುಲ್ಕ ಪೂರ್ತಿ ಮನ್ನಾ. ವಿಶ್ವವಿದ್ಯಾಲಯದ ಶುಲ್ಕ, ಇತರೆ ಶುಲ್ಕ ಅಂತ ಒಂದಿಷ್ಟು ಕಟ್ಟಬೇಕಾಗುತ್ತದೆ, ಹಾಗಾಗಿ ಪೂರ್ತಿ ಬಿಟ್ಟಿ ಎಂದು ತಿಳಿಯಬೇಡಿ. ಆದರೂ ಇಲ್ಲಿ ಸೀಟು ಮತ್ತು ರಿಯಾಯಿತಿ ಒಂದೇ ಆದೇಶದಲ್ಲಿ ಬರುತ್ತವೆ. ಮೊದಲು ಕಟ್ಟಿ ಆಮೇಲೆ ಪಡೆಯುವ ಮಾತಿಲ್ಲ.

ಇದಕ್ಕೆ ಮಗು ಮಾಡಬೇಕಾದದ್ದು ಚಿಕ್ಕ ಕೆಲಸ. ಸಿಇಟಿ ಅರ್ಜಿ ತುಂಬುವಾಗ ಎಸ್‌ಎನ್‌ಕ್ಯು ಬೇಕೇ ಎಂದು ಕೇಳುವ ಕಡೆ ಹೌದು ಎಂದು ಹಾಕಿ, ಆದಾಯ ಪ್ರಮಾಣಪತ್ರದ ಮೇಲಿರುವ ಆರ್‌ಡಿ ಸಂಖ್ಯೆ ಕೊಡಬೇಕು. ಸೈಬರ್ ಸೆಂಟರಿನಲ್ಲಿ ಸಾಲು ದೊಡ್ಡದಿರುತ್ತದೆ, ತುಂಬುವವರಿಗೆ ಅವಸರ. ಆ ಪ್ರಶ್ನೆಯನ್ನು ಹಾರಿಸಿ, ಇಲ್ಲ ಎಂದು ಬಿಟ್ಟು, ಮುಂದೆ ಹೋಗಿಬಿಡುತ್ತಾರೆ. ಸೀಟು ಹಂಚುವ ದಿನ ಬಂದು ಬೇಡಿಕೊಂಡರೆ ಆಗುವುದಿಲ್ಲ. ಇನ್ನೊಂದು ಮಾತು. ಈ ಸೀಟು ಹಿಡಿದು ಸೇರಿದ ಮೇಲೆ ಕಾಲೇಜಾಗಲಿ ಕೋರ್ಸಾಗಲಿ ಬದಲಾಯಿಸಲು ಬರುವುದಿಲ್ಲ. ಆದ್ದರಿಂದ ನಾಲ್ಕು ವರ್ಷ ಓದಲು ಮನಸ್ಸಿರುವ ಕೋರ್ಸನ್ನೇ ಪಟ್ಟಿಯ ಮೇಲೆ ಬರೆಯಿರಿ.

ಪಟ್ಟಿ ಬರೆಯುವುದೇ ಒಂದು ವಿದ್ಯೆ. ನಮ್ಮ ಮಕ್ಕಳು ಹೆದರಿಕೊಂಡು ಹತ್ತು ಹನ್ನೆರಡು ಆಯ್ಕೆ ಬರೆದು ನಿಲ್ಲಿಸುತ್ತಾರೆ. ಬರೆಯದ ಕಾಲೇಜು ಎಂದೂ ಸಿಗುವುದಿಲ್ಲ. ಹೆಚ್ಚು ಬರೆದರೆ ಹೆಚ್ಚು ದುಡ್ಡೇನೂ ಕಟ್ಟಬೇಕಿಲ್ಲ. ಹಿಂದಿನ ವರ್ಷ ಯಾವ ರ‍್ಯಾಂಕಿಗೆ ಯಾವ ಸೀಟು ನಿಂತಿತು ಅನ್ನುವುದು ಕೆಇಎ ಜಾಲತಾಣದಲ್ಲೇ ಇದೆ. ಅದನ್ನು ಎದುರಿಗಿಟ್ಟುಕೊಂಡು, ಸಿಗಲಾರದು ಅನ್ನಿಸಿದ್ದನ್ನೂ ಇಷ್ಟವಿದ್ದರೆ ಮೇಲೆ ಬರೆಯಿರಿ, ಖಂಡಿತ ಸಿಗುವಂಥದ್ದನ್ನು ಕೆಳಗೆ ಬರೆಯಿರಿ. ಒಂದೇ ಕಾಲೇಜಿನಲ್ಲಿ ಅನುದಾನಿತ ಸೀಟಿಗೆ ಒಂದು ಶುಲ್ಕ, ಅನುದಾನರಹಿತ ಸೀಟಿಗೆ ಇನ್ನೊಂದು ಶುಲ್ಕ ಇರಬಹುದು. ಸರ್ಕಾರಿ ಎಂಜಿನಿಯರಿಂಗ್ ಕಾಲೇಜಿನ ಶುಲ್ಕ ಇನ್ನೂ ಬೇರೆ. ಹಾಸನದಲ್ಲೇ ಸರ್ಕಾರಿ ಎಂಜಿನಿಯರಿಂಗ್ ಕಾಲೇಜಿದೆ, 1960ರಲ್ಲಿ ಶುರುವಾದ ಮಲೆನಾಡು ಎಂಜಿನಿಯರಿಂಗ್ ಕಾಲೇಜಿದೆ. ಬೆಂಗಳೂರಿನ ಹೆಸರಿಗೆ ಮರುಳಾಗಿ ಅಲ್ಲಿಯ ಪಿಜಿ ಬಾಡಿಗೆಯನ್ನು ಲೆಕ್ಕಕ್ಕೆ ಹಿಡಿಯದೆ ಪಟ್ಟಿ ಬರೆದ ಮನೆಗಳನ್ನು ನೋಡಿದ್ದೇನೆ. ಮೊದಲು ಅಣಕು ಹಂಚಿಕೆ ಬರುತ್ತದೆ. ಅದನ್ನು ನೋಡಿ ಪಟ್ಟಿಯನ್ನು ತಿದ್ದಲು ಅವಕಾಶವಿದೆ. ಆ ದಿನಗಳಲ್ಲಿ ಗುಡ್ಡ ಕುಸಿದರೂ ಸರಿ, ಸಕಲೇಶಪುರದಲ್ಲೋ ಹಾಸನದಲ್ಲೋ ನೆಂಟರ ಮನೆಯಲ್ಲಿ ಉಳಿದಾದರೂ ಪಟ್ಟಿ ನೋಡಲೇಬೇಕು. ನಿಜವಾದ ಹಂಚಿಕೆ ಆದ ಮೇಲೆ ಚಾಯ್ಸ್ ಒಂದು, ಎರಡು, ಮೂರು, ನಾಲ್ಕು ಅಂತ ಕೇಳುತ್ತಾರೆ. ಒಂದು ಅಂದರೆ ಇದೇ ಸಾಕು, ಸೇರುತ್ತೇನೆ. ಎರಡು ಅಂದರೆ ಇದು ಕೈಯಲ್ಲಿರಲಿ, ಪಟ್ಟಿಯಲ್ಲಿ ಇದಕ್ಕಿಂತ ಮೇಲಿನದು ಸಿಕ್ಕರೆ ನೋಡೋಣ. ಮೂರು ಅಂದರೆ ಇದು ಬೇಡ, ಮುಂದಿನ ಸುತ್ತಿಗೆ ಬರುತ್ತೇನೆ. ನಾಲ್ಕು ಅಂದರೆ ನನಗೆ ಈ ವ್ಯವಹಾರವೇ ಬೇಡ. ಮೂರನ್ನು ಒತ್ತಿ ಕೈಲಿದ್ದ ಸೀಟನ್ನೂ ಕಳೆದುಕೊಂಡು ಅಳುವ ಮಕ್ಕಳು ಪ್ರತಿವರ್ಷ ಇರುತ್ತಾರೆ. ಬೇರೆ ಭದ್ರವಾದ ದಾರಿ ಇಲ್ಲದವರು ಮೂರಕ್ಕೆ ಕೈ ಹಾಕಬೇಡಿ.

ಇನ್ನು ನಮ್ಮ ಗುಡ್ಡದ ಮಕ್ಕಳಿಗೆ ಊರಿನ ಶಾಲೆಯಿಂದಲೇ ಬರುವ ಎರಡು ಹಕ್ಕುಗಳಿವೆ. ಒಂದರಿಂದ ಹತ್ತನೇ ತರಗತಿಯವರೆಗೆ ಗ್ರಾಮೀಣ ಪ್ರದೇಶದ ಶಾಲೆಯಲ್ಲಿ ಓದಿದ್ದರೆ ಗ್ರಾಮೀಣ ಮೀಸಲಾತಿ, ಶೇಕಡಾ 15. ಒಂದರಿಂದ ಹತ್ತರವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ್ದರೆ ಶೇಕಡಾ 5. ಹತ್ತಕ್ಕೆ ಹತ್ತೂ ವರ್ಷ ಲೆಕ್ಕ. ಒಂದು ವರ್ಷ ಪೇಟೆಯ ಶಾಲೆಗೆ ಹೋದರೂ ಗ್ರಾಮೀಣ ಹಕ್ಕು ಹೋಯಿತು. ಎಂಟನೇ ಕ್ಲಾಸಿಗೆ ಸಾಲ ಮಾಡಿ ಮಗನನ್ನು ಹಾಸನದ ಇಂಗ್ಲಿಷ್ ಮೀಡಿಯಂಗೆ ಹಾಕಿದ ತಂದೆ ಎರಡನ್ನೂ ಒಟ್ಟಿಗೆ ಕಳೆದುಕೊಂಡಿರುತ್ತಾನೆ, ಅವನಿಗೆ ಅದು ಗೊತ್ತೂ ಇರುವುದಿಲ್ಲ. ಊರಿನ ಸರ್ಕಾರಿ ಹೈಸ್ಕೂಲನ್ನು ಬಿಡಿಸುವ ಮುನ್ನ ಇದನ್ನು ಯೋಚಿಸಿ. ವ್ಯಾಸಂಗ ಪ್ರಮಾಣಪತ್ರಕ್ಕೆ ಮುಖ್ಯೋಪಾಧ್ಯಾಯರ ಸಹಿ, ಬಿಇಒ ಮೇಲುಸಹಿ ಬೇಕು. ಪ್ರೈಮರಿ ಒಂದೂರಲ್ಲಿ, ಹೈಸ್ಕೂಲು ಇನ್ನೊಂದೂರಲ್ಲಿ ಓದಿದ್ದರೆ ಎರಡೂ ಕಡೆ ತಿರುಗಬೇಕು. ಮಕ್ಕಳು ಕಡಿಮೆಯೆಂದು ಆ ಪ್ರೈಮರಿ ಶಾಲೆ ಮುಚ್ಚಿಹೋಗಿದ್ದರೆ ದಾಖಲೆ ಯಾವ ಶಾಲೆಗೆ ಹೋಗಿದೆ ಎಂದು ಹುಡುಕಬೇಕು. ನಮ್ಮ ಮಲೆನಾಡಿನಲ್ಲಿ ಇದು ಬಹಳ ಆಗುತ್ತದೆ. ಅದಕ್ಕೆ ಪರೀಕ್ಷೆ ಮುಗಿಯುವವರೆಗೆ ಕಾಯಬೇಡಿ.

ದಾಖಲೆಯ ಮಾತು ಬಂದ ಮೇಲೆ ಸ್ವಲ್ಪ ನಿಂತು ಹೇಳಲೇಬೇಕು. ನಾನು ಕಂಡಂತೆ ಈ ಕಡೆಯ ಮಕ್ಕಳು ವಿದ್ಯಾರ್ಥಿವೇತನ ಕಳೆದುಕೊಳ್ಳುವುದು ಅಂಕ ಕಡಿಮೆಯಾಗಿ ಅಲ್ಲ, ಹೆಸರಿನ ಒಂದು ಅಕ್ಷರದಿಂದ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಇನಿಷಿಯಲ್ ಹಿಂದೆ, ಆಧಾರ್‌ನಲ್ಲಿ ಮುಂದೆ, ಬ್ಯಾಂಕ್ ಪುಸ್ತಕದಲ್ಲಿ ಇನಿಷಿಯಲ್ಲೇ ಇಲ್ಲ. ಒಂದರಲ್ಲಿ ಲಕ್ಷ್ಮಿ, ಇನ್ನೊಂದರಲ್ಲಿ ಲಕ್ಷ್ಮೀ ದೇವಿ. ಎಸ್‌ಎಸ್‌ಪಿ, ಅಂದರೆ ರಾಜ್ಯದ ವಿದ್ಯಾರ್ಥಿವೇತನ ಪೋರ್ಟಲ್‌ಗೆ ದಯೆ ದಾಕ್ಷಿಣ್ಯ ಇಲ್ಲ. ಹೆಸರು ತಾಳೆಯಾಗದಿದ್ದರೆ ಅರ್ಜಿ ಅಲ್ಲೇ ನಿಲ್ಲುತ್ತದೆ. ಆಧಾರ್ ತಿದ್ದಿಸುವುದು ಒಂದು ದಿನದ ಕೆಲಸವಲ್ಲ. ಒಂಬತ್ತನೇ ತರಗತಿಯಲ್ಲೇ, ಎಸ್‌ಎಸ್‌ಎಲ್‌ಸಿ ನೋಂದಣಿಗೆ ಹೆಸರು ಹೋಗುವುದಕ್ಕೆ ಮೊದಲೇ, ಶಾಲೆಯ ದಾಖಲೆ ಮತ್ತು ಆಧಾರ್ ಎರಡನ್ನೂ ಅಕ್ಕಪಕ್ಕ ಇಟ್ಟು ಓದಿ ನೋಡಬೇಕು. ಈ ಕೆಲಸವನ್ನು ಪ್ರತಿ ಹೈಸ್ಕೂಲಿನ ಮೇಷ್ಟರುಗಳು ಕೈಗೆತ್ತಿಕೊಂಡರೆ ಎಷ್ಟೋ ಮಕ್ಕಳ ಅಲೆದಾಟ ತಪ್ಪುತ್ತದೆ.

ಲೈನ್ ಮನೆಗಳ ಮಕ್ಕಳ ಕಷ್ಟ ಇನ್ನೊಂದು ಬಗೆಯದು. ತಂದೆತಾಯಿ ಕೆಲಸ ಮಾಡುವುದು ಸಕಲೇಶಪುರದ ತೋಟದಲ್ಲಿ, ರೇಷನ್ ಕಾರ್ಡು ಇರುವುದು ಮೊದಲಿದ್ದ ಊರಿನಲ್ಲಿ. ಕೆಲವರು ಬೇರೆ ಜಿಲ್ಲೆಯಿಂದ, ಬೇರೆ ರಾಜ್ಯದಿಂದ ಬಂದವರು. ಮನೆ ತೋಟದ ಮಾಲೀಕರದ್ದು, ಹಾಗಾಗಿ ಮನೆಯ ದಾಖಲೆ ಕೈಯಲ್ಲಿಲ್ಲ. ಜಾತಿ, ಆದಾಯ ಪ್ರಮಾಣಪತ್ರಕ್ಕೆ ನಾಡಕಚೇರಿಗೆ ಹೋದರೆ ವಾಸದ ಪುರಾವೆ ಕೇಳುತ್ತಾರೆ. ಹೆತ್ತೂರು, ಯಸಳೂರು, ಹಾನುಬಾಳು ಹೋಬಳಿಯ ಒಳಗಿನ ತೋಟದಿಂದ ನಾಡಕಚೇರಿಗೆ ಬರುವುದೆಂದರೆ ಒಂದು ದಿನದ ಕೂಲಿ ಹೋಯಿತು. ಸರ್ವರ್ ಡೌನ್ ಆದರೆ ಇನ್ನೊಂದು ದಿನ. ಕಾಫಿ ಹಣ್ಣಿನ ಕಾಲದಲ್ಲಿ, ನವೆಂಬರಿನಿಂದ ಫೆಬ್ರವರಿ ಮಾರ್ಚಿನವರೆಗೆ, ರಜೆ ಹಾಕಿದರೆ ವರ್ಷದ ದುಡಿಮೆಯೇ ತಪ್ಪುತ್ತದೆ. ಆದ್ದರಿಂದ ನನ್ನ ಸಲಹೆ, ಆದಾಯ ಪ್ರಮಾಣಪತ್ರವನ್ನು ಮಗು ಹತ್ತನೇ ತರಗತಿ ಮುಗಿಸಿದ ಬೇಸಿಗೆಯಲ್ಲೇ ಮಾಡಿಸಿಡಿ. ಅದಕ್ಕೆ ಐದು ವರ್ಷದ ಅವಧಿಯಿದೆ, ಪಿಯುಸಿಗೂ ಆಗುತ್ತದೆ, ಕಾಲೇಜು ಸೇರುವಾಗಲೂ ಆಗುತ್ತದೆ. ತೋಟದ ಮಾಲೀಕರು ಈ ಮಾತನ್ನು ಕೇಳುತ್ತಿದ್ದರೆ ಅವರಲ್ಲೂ ಒಂದು ಬಿನ್ನಹ. ನಿಮ್ಮ ತೋಟದಲ್ಲಿ ಇವರು ಇಷ್ಟು ವರ್ಷದಿಂದ ವಾಸವಾಗಿದ್ದಾರೆ ಎಂದು ಒಂದು ಪತ್ರ ಕೊಡಿ. ನಿಮ್ಮ ತೋಟದ ಲೆಕ್ಕ ಬರೆಯುವ ರೈಟರ್ ಬರೆದು ನೀವು ಸಹಿ ಹಾಕುವುದಕ್ಕೆ ಹತ್ತು ನಿಮಿಷ ಹಿಡಿಯುತ್ತದೆ. ಆ ಪತ್ರವಿದ್ದರೆ ಗ್ರಾಮ ಆಡಳಿತ ಅಧಿಕಾರಿಗೆ ವರದಿ ಹಾಕುವುದೂ ಸಲೀಸು.

ಹಣ ಬರುವ ಖಾತೆಯ ವಿಷಯವನ್ನೂ ಹೇಳಿಬಿಡುತ್ತೇನೆ. ಸರ್ಕಾರದ ವಿದ್ಯಾರ್ಥಿವೇತನ ಈಗ ಹೋಗುವುದು ಆಧಾರ್ ಜೋಡಣೆಯಾದ ಖಾತೆಗೆ. ಅರ್ಜಿಯಲ್ಲಿ ನೀವು ಬರೆದ ಖಾತೆ ಸಂಖ್ಯೆಯನ್ನು ಅದು ನೋಡುವುದಿಲ್ಲ. ಮಗುವಿಗೆ ಎರಡು ಬ್ಯಾಂಕಿನಲ್ಲಿ ಖಾತೆಯಿದ್ದರೆ ಎನ್‌ಪಿಸಿಐ ಜೋಡಣೆ, ಅಂದರೆ ಸರ್ಕಾರದ ಹಣ ಆಧಾರ್ ಮೂಲಕ ಬಂದು ಬೀಳುವ ಜೋಡಣೆ, ಯಾವುದಕ್ಕೆ ಆಗಿದೆಯೋ ಅಲ್ಲಿಗೆ ಹಣ. ಬ್ಯಾಂಕಿನಲ್ಲಿ ಆಧಾರ್ ಕೊಟ್ಟಿದ್ದೇವೆ ಎಂದಷ್ಟೇ ಸುಮ್ಮನಾಗಬೇಡಿ. ಎನ್‌ಪಿಸಿಐ ಮ್ಯಾಪಿಂಗ್ ಆಗಿದೆಯೇ ಎಂದು ಆ ಹೆಸರು ಹಿಡಿದೇ ಕೇಳಿ.

ಇನ್ನು ಎಲ್ಲರೂ ಎಂಜಿನಿಯರಿಂಗ್ ಓದುವುದಿಲ್ಲ, ಓದಬೇಕಾಗಿಯೂ ಇಲ್ಲ. ನಮ್ಮ ಹೆಚ್ಚಿನ ಮಕ್ಕಳು ಹೋಗುವುದು ಸಕಲೇಶಪುರ, ಆಲೂರಿನ ಸರ್ಕಾರಿ ಪ್ರಥಮ ದರ್ಜೆ ಕಾಲೇಜಿಗೆ, ಇಲ್ಲವೇ ಹಾಸನಕ್ಕೆ. ಅಲ್ಲಿ ಶುಲ್ಕ ದೊಡ್ಡದಲ್ಲ. ಹೊರೆಯಾಗುವುದು ಉಳಿಯುವ ಜಾಗ, ಊಟ, ಓಡಾಟ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಬಸ್ಸು ಉಚಿತವಾದದ್ದು ನಮ್ಮ ಕಡೆ ದೊಡ್ಡ ಬದಲಾವಣೆ ತಂದಿದೆ, ಆದರೆ ಬಸ್ಸೇ ಬಾರದ ದಾರಿಯಲ್ಲಿ, ಆನೆ ತಿರುಗುವ ಹೊತ್ತಿನಲ್ಲಿ, ಮೈಲಿಗಟ್ಟಲೆ ನಡೆದು ಬರುವ ಮಗುವಿಗೆ ಹಾಸ್ಟೆಲ್ಲೇ ಬೇಕು. ಹಿಂದುಳಿದ ವರ್ಗಗಳ ಬಿಸಿಎಂ ಹಾಸ್ಟೆಲ್, ಸಮಾಜ ಕಲ್ಯಾಣ ಇಲಾಖೆಯ ಹಾಸ್ಟೆಲ್ಲಿಗೆ ಅರ್ಜಿಯನ್ನು ಕಾಲೇಜಿನ ಅರ್ಜಿಯ ಜೊತೆಜೊತೆಗೇ ಹಾಕಿ. ಹಾಸ್ಟೆಲ್ ಸಿಗದೆ ಹೋದ ಹಿಂದುಳಿದ ವರ್ಗದ ಮಕ್ಕಳಿಗೆಂದೇ ವಿದ್ಯಾಸಿರಿ ಇದೆ. ಶುರುವಾದಾಗ ಊಟ, ವಸತಿಗೆ ತಿಂಗಳಿಗೆ 1500 ರೂಪಾಯಿಯಂತೆ ವರ್ಷಕ್ಕೆ 10 ತಿಂಗಳು ಕೊಡುವುದೆಂದು ಮಾಡಿದ್ದು ಅದು. ಹಾಸ್ಟೆಲ್ಲಿನಲ್ಲಿರುವವರಿಗೆ ವಿದ್ಯಾಸಿರಿ ಇಲ್ಲ, ಎರಡರಲ್ಲಿ ಒಂದು.

ಹೆಣ್ಣುಮಕ್ಕಳಿರುವ ಮನೆಯವರು ಇದನ್ನು ಗಮನವಿಟ್ಟು ಕೇಳಿ. ಅಜೀಂ ಪ್ರೇಮ್‌ಜಿ ಫೌಂಡೇಶನ್ನಿನ ವಿದ್ಯಾರ್ಥಿವೇತನ 2025-26ರಿಂದ ನಮ್ಮ ರಾಜ್ಯಕ್ಕೂ ಬಂದಿದೆ, ಸರ್ಕಾರದ ಜೊತೆಗೂಡಿ ದೀಪಿಕಾ ಎಂಬ ಹೆಸರಿನಲ್ಲಿ. ಹತ್ತನೇ ತರಗತಿ, ಪಿಯುಸಿ ಎರಡನ್ನೂ ಸರ್ಕಾರಿ ಶಾಲಾ ಕಾಲೇಜಿನಲ್ಲಿ ಓದಿ, ಪದವಿಯ ಅಥವಾ ಡಿಪ್ಲೊಮಾದ ಮೊದಲ ವರ್ಷಕ್ಕೆ ಸೇರಿದ ಹುಡುಗಿಯರಿಗೆ ವರ್ಷಕ್ಕೆ 30,000 ರೂಪಾಯಿ, ಕೋರ್ಸು ಮುಗಿಯುವ ತನಕ. ಅದೇ ಫೌಂಡೇಶನ್ ನಡೆಸುವ ಬೆಂಗಳೂರಿನ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದಲ್ಲಿ ಕುಟುಂಬದ ಆದಾಯ ನೋಡಿ ಬೋಧನಾ ಶುಲ್ಕ, ವಸತಿ, ಊಟ ಇವುಗಳಿಗೆ ಭಾಗಶಃ ಅಥವಾ ಪೂರ್ತಿ ನೆರವು ಕೊಡುತ್ತಾರೆ. ಗಂಡು ಹೆಣ್ಣು ಎಂಬ ಭೇದವಿಲ್ಲ. ಸೀಟು ಹಣ ಒಟ್ಟಿಗೆ ಎಂದು ನಾನು ಹೇಳುತ್ತಿದ್ದೆನಲ್ಲ, ಅದಕ್ಕೆ ನಮ್ಮ ನಾಡಿನಲ್ಲಿ ಒಳ್ಳೆಯ ಉದಾಹರಣೆ ಇದು. ಎಸ್‌ಎಸ್‌ಎಲ್‌ಸಿಯಲ್ಲಿ ಶೇಕಡಾ 90ರ ಮೇಲೆ ತೆಗೆದ, ವಾರ್ಷಿಕ ಆದಾಯ 2 ಲಕ್ಷದೊಳಗಿರುವ ಮನೆಯ ಮಕ್ಕಳಿಗೆ ಸರೋಜಿನಿ ದಾಮೋದರನ್ ಫೌಂಡೇಶನ್ನಿನ ವಿದ್ಯಾಧನ್ ಇದೆ. ಪಿಯುಸಿಯ ಎರಡು ವರ್ಷ ನೆರವು ಕೊಟ್ಟು, ಚೆನ್ನಾಗಿ ಓದಿದವರನ್ನು ಪದವಿಗೂ ಮುಂದುವರಿಸುತ್ತಾರೆ. ರೈತರ ಮಕ್ಕಳಿಗೆ 2021ರಲ್ಲಿ ಬಂದ ವಿದ್ಯಾನಿಧಿಗೆ ರೈತರ ಗುರುತಿನ ಎಫ್‌ಐಡಿ ಸಂಖ್ಯೆ ಬೇಕಿತ್ತು, ಆಮೇಲೆ ಅದನ್ನು ಕೃಷಿ ಕೂಲಿಕಾರರ ಮಕ್ಕಳಿಗೂ ವಿಸ್ತರಿಸಿದರು.

ಇಂಥ ಟ್ರಸ್ಟುಗಳ ಅರ್ಜಿಯಲ್ಲಿ, ಸಂದರ್ಶನದಲ್ಲಿ ನಿನ್ನ ಬಗ್ಗೆ ಹೇಳು ಎನ್ನುತ್ತಾರೆ. ನಮ್ಮ ಮಕ್ಕಳು ಸೋಲುವುದು ಇಲ್ಲಿ. ನಾನು ಬಡ ಕುಟುಂಬದವಳು, ದಯವಿಟ್ಟು ಸಹಾಯ ಮಾಡಿ ಎಂದು ಎರಡು ಸಾಲು ಬರೆದು ನಿಲ್ಲಿಸುತ್ತಾರೆ. ಒಬ್ಬ ಹುಡುಗಿಯನ್ನು ಕೂರಿಸಿಕೊಂಡು ಕೇಳಿದೆ, ತೋಟದಿಂದ ಮನೆಗೆ ಬಂದ ಮೇಲೆ ನೀನು ಏನು ಮಾಡುತ್ತೀಯ ಅಂತ. "ಲೆಕ್ಕ ಬರಿತೀನಿ ಮೇಡಂ" ಎಂದಳು. ಯಾವ ಲೆಕ್ಕ? ಅವರ ಲೈನಿನಲ್ಲಿ ಹಣ್ಣು ಬಿಡಿಸುವ ಹೆಂಗಸರಿಗೆ ಓದಲು ಬರುವುದಿಲ್ಲ. ಸಂಜೆ ತೂಕವಾದ ಮೇಲೆ ಯಾರದ್ದು ಎಷ್ಟು ಕಿಲೊ ಎಂದು ಅವಳು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಾಳೆ. ವಾರದ ಬಟವಾಡೆಯ ದಿನ ಅದನ್ನು ಹಿಡಿದು ತಾಳೆ ನೋಡುತ್ತಾರೆ. ಎರಡು ಸಲ ವ್ಯತ್ಯಾಸ ಬಂದಿತ್ತಂತೆ. ರೈಟರಿಗೆ ತೋರಿಸಿದ ಮೇಲೆ ಅವರು ಸರಿ ಮಾಡಿಕೊಟ್ಟರಂತೆ. ಅದನ್ನೇ ಬರೆಯಮ್ಮ ಎಂದೆ. "ಅದೂ ಬರೆಯೋ ವಿಷಯನಾ ಮೇಡಂ?" ಎಂದು ಆಶ್ಚರ್ಯಪಟ್ಟಳು. ಅವಳು ಕನ್ನಡದಲ್ಲೇ ಒಂದು ಪುಟ ಬರೆದಳು, ಯಾವ ಅಲಂಕಾರವೂ ಇರಲಿಲ್ಲ. ಕಾಮರ್ಸ್ ಓದಬೇಕೆಂಬ ಆಸೆ ಅವಳಿಗೆ ಯಾಕೆ ಬಂತು ಎಂದು ಆ ಪುಟ ಓದಿದ ಯಾರಿಗಾದರೂ ತಿಳಿಯುತ್ತಿತ್ತು. ಮೇಷ್ಟರುಗಳೇ, ನಿಮ್ಮ ಮಕ್ಕಳಿಗೆ ಮಾದರಿ ಪತ್ರ ಬರೆದುಕೊಟ್ಟು ನಕಲು ಮಾಡಿಸಬೇಡಿ. ಅವರನ್ನು ಕೇಳಿ. ಹಸು ಕಟ್ಟುವ ಹುಡುಗ, ಏಲಕ್ಕಿ ಬಿಡಿಸುವ ಹುಡುಗಿ, ತಮ್ಮನನ್ನು ಎತ್ತಿಕೊಂಡು ಶಾಲೆಗೆ ಬಂದವಳು, ಎಲ್ಲರ ಹತ್ತಿರವೂ ಹೇಳುವುದಕ್ಕೆ ಇದೆ.

ಮೋಸದ ಬಗ್ಗೆಯೂ ಒಂದು ಮಾತು. ಮಗುವಿಗೆ ಹಣ ಕೊಡುವವರು ಮಗುವಿನಿಂದ ಹಣ ಕೇಳುವುದಿಲ್ಲ. ಸ್ಕಾಲರ್‌ಶಿಪ್ ಮಂಜೂರಾಗಿದೆ, ಇಷ್ಟು ಕಟ್ಟಿ, ಒಟಿಪಿ ಹೇಳಿ ಎಂದು ಫೋನ್ ಬಂದರೆ ಅಲ್ಲಿಗೇ ಇಟ್ಟುಬಿಡಿ.

ಸರ್ಕಾರದವರಲ್ಲಿ, ವಿಶ್ವವಿದ್ಯಾಲಯದವರಲ್ಲಿ ನನ್ನ ಬೇಡಿಕೆ ದೊಡ್ಡದಲ್ಲ. ಆದಾಯ ಪ್ರಮಾಣಪತ್ರದ ಸಂಖ್ಯೆ ನಿಮ್ಮ ಬಳಿ ಇದೆ. ಜಾತಿಯ ಸಂಖ್ಯೆ ಇದೆ. ಅಂಕ ಇದೆ. ಸೀಟು ಹಂಚುವ ಗಣಕಯಂತ್ರಕ್ಕೆ ಈ ಮಗುವಿಗೆ ಯಾವ ವಿದ್ಯಾರ್ಥಿವೇತನ ಸಲ್ಲುತ್ತದೆ ಎಂದು ಹೇಳುವುದು ಕಷ್ಟದ ಕೆಲಸವಲ್ಲ. ಸೀಟಿನ ಪತ್ರದಲ್ಲೇ ಅದನ್ನೂ ಮುದ್ರಿಸಿ: ಈ ವಿದ್ಯಾರ್ಥಿಗೆ ಇಷ್ಟು ಮೊತ್ತ ಸಲ್ಲುತ್ತದೆ, ಕಾಲೇಜಿನವರು ಅಷ್ಟನ್ನು ಕಳೆದು ಉಳಿದದ್ದನ್ನು ಮಾತ್ರ ಪಡೆಯತಕ್ಕದ್ದು. ಆ ದುಡ್ಡನ್ನು ಇಲಾಖೆ ಕಾಲೇಜಿಗೆ ಯಾವಾಗ ಕೊಡುತ್ತದೋ ಕೊಡಲಿ. ಕಾಯುವ ಶಕ್ತಿ ಕಾಲೇಜಿಗೆ ಇದೆ, ಕೂಲಿಯ ಮನೆಗೆ ಇಲ್ಲ. ಆಪ್ಷನ್ ಎಂಟ್ರಿಯ ಕೊನೆಯ ದಿನಾಂಕವನ್ನು ಗುಡ್ಡ ಕುಸಿದ, ಕರೆಂಟಿಲ್ಲದ ತಾಲ್ಲೂಕುಗಳಿಗೆ ಎರಡು ದಿನ ಮುಂದೆ ಹಾಕಿದರೂ ಯಾರಿಗೂ ನಷ್ಟವಿಲ್ಲ.

ಅದಾಗುವ ತನಕ ತಂದೆತಾಯಿಗಳು ಯಾವ ಕಾಲೇಜಿಗೆ ಹೋದರೂ ಫೀಸು ಕಟ್ಟುವ ಮೊದಲು ಕಚೇರಿಯಲ್ಲಿ ಎರಡು ಪ್ರಶ್ನೆ ಕೇಳಿ. ನಮ್ಮ ಮಗುವಿಗೆ ಸಲ್ಲುವ ವಿದ್ಯಾರ್ಥಿವೇತನವನ್ನು ಕಳೆದು ಈಗ ಎಷ್ಟು ಕಟ್ಟಬೇಕು? ಉಳಿದದ್ದಕ್ಕೆ ಕಂತು ಕೊಡುತ್ತೀರಾ? ಸಂಕೋಚ ಬೇಡ. ಬಾಯಿಮಾತಿನಲ್ಲಿ ಹೂಂ ಎಂದರೆ, ಅದನ್ನು ಒಂದು ಚೀಟಿಯಲ್ಲಿ ಬರೆದು ಸೀಲು ಹಾಕಿಸಿಕೊಳ್ಳಿ. ಒಬ್ಬರೇ ಹೋಗಲು ಹಿಂಜರಿಕೆಯಾದರೆ ಮಗುವಿನ ಹಳೆಯ ಶಾಲೆಯ ಮೇಷ್ಟರನ್ನೋ ಮೇಡಮ್ಮನ್ನೋ ಜೊತೆಗೆ ಕರೆದುಕೊಂಡು ಹೋಗಿ. ಕರೆದರೆ ನಾವು ಬರುತ್ತೇವೆ.